ಕಂಬದ ಬುಡ ನೋಡಿ ಸ್ವಾಮಿ

2024ರ ಜೂನ್ 15, ಶನಿವಾರ. ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ 99 ರೂಪಾಯಿ ಚಿಲ್ಲರೆ ಇದ್ದದ್ದು 102 ರೂಪಾಯಿ ಚಿಲ್ಲರೆ ಆಯ್ತು. ಅಂದ್ರೆ ಮೂರು ರೂಪಾಯಿ ಜಾಸ್ತಿ. ಅವತ್ತು ರಾತ್ರಿಯ ಬುಲೆಟಿನ್‌ನಲ್ಲಿ ನನ್ನ ಹಿಂದಿನ ದೊಡ್ಡ ಪರದೆ ಮೇಲೆ ಎರಡು ಕಂಬಗಳು ಎದ್ದು ನಿಂತವು. ನಿನ್ನೆಯ ಬೆಲೆಗೆ ಒಂದು ಗಿಡ್ಡ ಕಂಬ. ಇವತ್ತಿನ ಬೆಲೆಗೆ ಇನ್ನೊಂದು, ಕೆಂಪು ಬಣ್ಣದ್ದು, ಆಕಾಶಕ್ಕೆ ಮುಟ್ಟೋ ಹಾಗೆ. ನಾನು ಕೈ ತೋರಿಸಿ ಹೇಳಿದೆ, “ನೋಡಿ ವೀಕ್ಷಕರೇ, ಎಲ್ಲಿಂದ ಎಲ್ಲಿಗೆ ಹೋಯ್ತು!”

ಬುಲೆಟಿನ್ ಮುಗಿಸಿ ಬರೋ ಹೊತ್ತಿಗೆ ಡೆಸ್ಕಿಗೆ ಒಂದು ಫೋನ್ ಬಂದಿತ್ತು. ತಿಪಟೂರು ಕಡೆಯ ನಿವೃತ್ತ ಗಣಿತ ಮೇಷ್ಟ್ರು. ನನ್ನ ಹತ್ತಿರವೇ ಮಾತಾಡಬೇಕು ಅಂತ ಹಟ ಹಿಡಿದು ಕಾಯ್ತಾ ಇದ್ರು.

“ಸ್ವಾಮಿ, ನಿಮ್ಮ ಪರದೆ ಮೇಲೆ ಸ್ಕೇಲು ಇಟ್ಟು ಅಳೆದೆ. ಮೊದಲನೇ ಕಂಬ ಎರಡು ಇಂಚು. ಎರಡನೇದು ಐದು ಇಂಚು ದಾಟಿದೆ. ಹಂಗಾದ್ರೆ ಪೆಟ್ರೋಲ್ ಇನ್ನೂರೈವತ್ತು ರೂಪಾಯಿ ಆಯ್ತೇನು?”

ನಾನು ಹೇಳಿದೆ, “ಇಲ್ಲ ಮೇಷ್ಟ್ರೇ, ಕಂಬದ ಮೇಲೆ ಸರಿಯಾದ ಬೆಲೆ ಬರೆದಿದ್ದೀವಲ್ಲ.”

“ಬರೆದಿದ್ದೀರಿ. ಆದ್ರೆ ಓದೋರು ಯಾರು? ಕಣ್ಣು ಮೊದಲು ಕಂಬ ನೋಡುತ್ತೆ. ಕಂಬದ ಬುಡ ಎಲ್ಲಿದೆ ಅಂತ ನೋಡಿದ್ರಾ ನೀವು?”

ನೋಡಿರಲಿಲ್ಲ. ಇಷ್ಟು ವರ್ಷ ಅಂಕಿ-ಅಂಶ ಓದಿದ್ದೀನಿ, ನನ್ನ ಹಿಂದೆ ನಿಲ್ಲೋ ಕಂಬದ ಬುಡವನ್ನ ಒಂದು ದಿನವೂ ನೋಡಿರಲಿಲ್ಲ. ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ತೆಗೆಸಿ ನೋಡಿದೆ. ಕಂಬಗಳು ಸೊನ್ನೆಯಿಂದ ಶುರುವಾಗಿರಲಿಲ್ಲ, 98 ರೂಪಾಯಿಯಿಂದ ಶುರುವಾಗಿದ್ದವು. ಕೆಳಗಿನ 98 ರೂಪಾಯಿಯನ್ನ ಪೂರ್ತಿ ಕಡಿದು ಹಾಕಿ, ಮೇಲಿನ ತುದಿಯನ್ನ ಮಾತ್ರ ಹಿಗ್ಗಿಸಿ ತೋರಿಸಿದ್ವಿ. ಏರಿಕೆ ಸುಮಾರು ಮೂರು ಪರ್ಸೆಂಟ್. ಸೊನ್ನೆಯಿಂದ ಎಳೆದಿದ್ರೆ, ಎರಡು ಇಂಚಿನ ಕಂಬಕ್ಕಿಂತ ಪಕ್ಕದ ಕಂಬ ಬರೀ ಒಂದೂವರೆ ಮಿಲಿಮೀಟರ್ ಹೆಚ್ಚು ಎತ್ತರ ಇರಬೇಕಿತ್ತು.

ಗ್ರಾಫಿಕ್ಸ್ ಹುಡುಗನನ್ನ ಕೇಳಿದೆ. ಅವನು ಮೋಸ ಮಾಡೋನಲ್ಲ. “ಸಾರ್, ಸೊನ್ನೆಯಿಂದ ಎಳೆದ್ರೆ ಎರಡೂ ಒಂದೇ ಥರ ಕಾಣುತ್ತೆ. ಸ್ಕ್ರೀನ್ ಮೇಲೆ ಏನೂ ಕಾಣಲ್ಲ” ಅಂದ. ಅವನ ಮಾತಲ್ಲೂ ಅರ್ಥ ಇದೆ. ಆದ್ರೆ ಮೇಷ್ಟ್ರ ಮಾತಲ್ಲಿ ಸತ್ಯ ಇದೆ. ಅವತ್ತಿನಿಂದ ಒಂದು ವಾರ, ರಾತ್ರಿ ಬುಲೆಟಿನ್ ಮುಗಿದ ಮೇಲೆ ಇಂಟರ್ನೆಟ್‌ನಲ್ಲಿ ಇದರ ಹಿಂದೆ ಬಿದ್ದೆ. ಅಂಕಿಯನ್ನ ಚಿತ್ರ ಮಾಡೋ ಈ ವಿದ್ಯೆ ಎಲ್ಲಿಂದ ಬಂತು? ಇದರಿಂದ ಏನೇನಾಗಿದೆ? ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಕಂಬದ ಗ್ರಾಫ್, ಗೆರೆಯ ಗ್ರಾಫ್ ಎರಡನ್ನೂ ಬಳಕೆಗೆ ತಂದವನು ವಿಲಿಯಂ ಪ್ಲೇಫೇರ್ ಅನ್ನೋ ಸ್ಕಾಟ್ಲೆಂಡಿನವನು. 1786ರಲ್ಲಿ ಅವನೊಂದು ಪುಸ್ತಕ ತಂದ. ದೇಶದ ವ್ಯಾಪಾರ, ಆಮದು, ರಫ್ತು, ಸಾಲ, ಎಲ್ಲವನ್ನೂ ಪಟ್ಟಿ ಮಾಡುವ ಬದಲು ಚಿತ್ರದಲ್ಲಿ ತೋರಿಸಿದ. ಹೋಳಿಗೆ ಕತ್ತರಿಸಿದ ಹಾಗೆ ಕಾಣುವ ಪೈ ಚಾರ್ಟ್ ಕೂಡ 1801ರಲ್ಲಿ ಅವನೇ ತಂದದ್ದು. ನೂರು ಸಾಲಿನ ಪಟ್ಟಿ ಓದಿ ಅರ್ಥ ಮಾಡ್ಕೊಳ್ಳೋಕೆ ಒಂದು ಗಂಟೆ ಬೇಕು. ಅದೇ ಚಿತ್ರವಾದ್ರೆ ಒಂದು ನೋಟ ಸಾಕು. ಇದರ ಶಕ್ತಿ ಇರೋದೇ ಇಲ್ಲಿ. ಅಪಾಯ ಇರೋದೂ ಇಲ್ಲೇ.

ಶಕ್ತಿ ಎಷ್ಟು ಅಂತ ತಿಳೀಬೇಕಾದ್ರೆ ಲಂಡನ್ನಿಗೆ ಹೋಗಬೇಕು. 1854. ಸೋಹೋ ಅನ್ನೋ ಬಡಾವಣೆಯ ಬ್ರಾಡ್ ಸ್ಟ್ರೀಟ್. ಕಾಲರಾ ಬಡೀತು. ಹತ್ತೇ ದಿನದಲ್ಲಿ ಸುತ್ತಮುತ್ತಲ 500ಕ್ಕೂ ಹೆಚ್ಚು ಜನ ಹೋದ್ರು. ಕಾಲರಾ ಬರೋದು ಕೆಟ್ಟ ಗಾಳಿಯಿಂದ, ದುರ್ವಾಸನೆಯಿಂದ ಅಂತ ಆಗಿನ ದೊಡ್ಡ ದೊಡ್ಡ ವೈದ್ಯರ ನಂಬಿಕೆ. ಜಾನ್ ಸ್ನೋ ಅನ್ನೋ ವೈದ್ಯ ಬೇರೆ ಹೇಳ್ತಿದ್ದ. ಗಾಳಿಯಲ್ಲ, ನೀರು ಅಂತ.

ಸ್ನೋ ಏನು ಮಾಡಿದ? ಸತ್ತವರ ಪಟ್ಟಿ ತಗೊಂಡ. ಮನೆ ಮನೆಗೆ ನಡೆದ. ಯಾವ ಪಂಪಿನ ನೀರು ಕುಡೀತಿದ್ರಿ ಅಂತ ಕೇಳಿದ. ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟ್ ಪಂಪಿಗೆ ಹತ್ತಿರದವರು. ಅಲ್ಲೇ ಪಕ್ಕದಲ್ಲಿ ನಿರ್ಗತಿಕರ ಆಶ್ರಯಧಾಮ ಇತ್ತು, ಒಳಗೆ 535 ಜನ. ಅಲ್ಲಿ ಸತ್ತವರು ಐದೇ ಜನ. ಯಾಕೆ? ಅವರಿಗೆ ಸ್ವಂತ ಬಾವಿ ಇತ್ತು. ಅದೇ ಬೀದಿಯ ಬಿಯರ್ ತಯಾರಿಸುವ ಕಾರ್ಖಾನೆಯಲ್ಲಿ 70ಕ್ಕೂ ಹೆಚ್ಚು ಕೆಲಸಗಾರರಿದ್ರು. ಒಬ್ಬರೂ ಸಾಯಲಿಲ್ಲ. ಅವರು ಪಂಪಿನ ನೀರನ್ನೇ ಮುಟ್ಟುತ್ತಿರಲಿಲ್ಲ, ಬಿಯರ್ ಸಿಗ್ತಿತ್ತು! ಇನ್ನೊಂದು ಕಡೆ, ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತಳು. ಆ ಊರಲ್ಲಿ ಕಾಲರಾನೇ ಇರಲಿಲ್ಲ. ವಿಚಾರಿಸಿದ್ರೆ, ಆಕೆ ಮೊದಲು ಬ್ರಾಡ್ ಸ್ಟ್ರೀಟಿನಲ್ಲಿ ಇದ್ದವಳು. ಆ ಪಂಪಿನ ನೀರಿನ ರುಚಿ ಇಷ್ಟ ಅಂತ ಗಾಡಿಯಲ್ಲಿ ತರಿಸ್ಕೊಳ್ತಿದ್ದಳು.

ಸ್ನೋ ಮಾತು ಕೇಳಿ ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿ ತೆಗೆದರು. ಆಮೇಲೆ ಅವನು ಒಂದು ನಕ್ಷೆ ಮಾಡಿಸಿದ. ಒಂದೊಂದು ಸಾವಿಗೂ ಆ ಮನೆಯ ಮುಂದೆ ಒಂದೊಂದು ಕಪ್ಪು ಪಟ್ಟಿ. ಪಂಪಿನ ಸುತ್ತ ಕಪ್ಪು ಪಟ್ಟಿಗಳು ಒತ್ತೊತ್ತಾಗಿ ನಿಂತವು. ಇವತ್ತು ಜಗತ್ತಿನಲ್ಲಿ ಸಾರ್ವಜನಿಕ ಆರೋಗ್ಯ ಓದುವ ವಿದ್ಯಾರ್ಥಿಗಳು ಆ ನಕ್ಷೆಯನ್ನ ನೋಡ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ‘ಸ್ನೋ ನಕ್ಷೆ ಬರೆದ, ಒಂದೇ ನೋಟಕ್ಕೆ ಗೊತ್ತಾಯ್ತು, ಹಿಡಿ ಕಿತ್ತ, ಕಾಲರಾ ನಿಂತಿತು’ ಅಂತ ಇಂಟರ್ನೆಟ್ ತುಂಬಾ ಕಥೆ ಓಡಾಡುತ್ತೆ. ಹಾಗಲ್ಲ. ಹಿಡಿ ತೆಗೆಯೋ ಹೊತ್ತಿಗೆ ಕಾಯಿಲೆ ಆಗಲೇ ಇಳಿಯುತ್ತಿತ್ತು, ಸ್ನೋ ತಾನೇ ಅದನ್ನ ಒಪ್ಪಿದ. ನಕ್ಷೆ ಬಂದದ್ದು ಆಮೇಲೆ, ಬೇರೆಯವರನ್ನ ಒಪ್ಪಿಸೋಕೆ. ಮೊದಲು ಕಾಲು ಸವೆಸಿ ಮಾಹಿತಿ ತಂದ, ನಂತರ ಚಿತ್ರ ಮಾಡಿದ. ನಾವು ಟಿವಿಯವರು ಎಷ್ಟೋ ಸಲ ಉಲ್ಟಾ. ಚಿತ್ರ ಮೊದಲು, ಮಾಹಿತಿ ಆಮೇಲೆ.

ಇದೇ ಹುಡುಕಾಟದಲ್ಲಿ ಸಿಕ್ಕ ಇನ್ನೊಬ್ಬರು ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್. 2006ರ ಅವರ ಭಾಷಣದ ವಿಡಿಯೋ ಈಗಲೂ ಇಂಟರ್ನೆಟ್‌ನಲ್ಲಿದೆ, ಮಕ್ಕಳಿಗೆ ತೋರಿಸಿ. ಪರದೆ ಮೇಲೆ ಒಂದೊಂದು ದೇಶಕ್ಕೆ ಒಂದೊಂದು ಗುಳ್ಳೆ. ಜನಸಂಖ್ಯೆ ಹೆಚ್ಚಿದ್ರೆ ದೊಡ್ಡ ಗುಳ್ಳೆ. 1962ರಿಂದ ವರ್ಷ ಓಡುತ್ತಾ ಹೋದ ಹಾಗೆ ಗುಳ್ಳೆಗಳು ಚಲಿಸುತ್ತವೆ. ಅವರು ಕ್ರಿಕೆಟ್ ಕಾಮೆಂಟರಿ ಥರ ಕೂಗ್ತಾ ವಿವರಿಸ್ತಾರೆ. ಬಡ ದೇಶ ಅಂದ್ರೆ ದೊಡ್ಡ ಸಂಸಾರ, ಕಡಿಮೆ ಆಯಸ್ಸು ಅಂತ ನಂಬಿದ್ದವರ ಕಣ್ಣೆದುರೇ ಆ ಗುಳ್ಳೆಗಳು ಸಣ್ಣ ಸಂಸಾರ, ಹೆಚ್ಚು ಆಯಸ್ಸಿನ ಕಡೆಗೆ ಸಾಗಿಬಿಡುತ್ತವೆ. ಚಿತ್ರ ಜನರ ತಪ್ಪು ನಂಬಿಕೆಯನ್ನೂ ಒಡೆಯಬಲ್ಲದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಈಗ ನಮ್ಮ ಮನೆಗೇ ಬರೋಣ. ಪೆಟ್ರೋಲ್ ಕಂಬ ಒಂದೇ ಅಲ್ಲ ನಮ್ಮ ತಪ್ಪು.

ಚುನಾವಣೆ ಫಲಿತಾಂಶದ ದಿನ ನಾವು ಕರ್ನಾಟಕದ ನಕ್ಷೆಗೆ ಬಣ್ಣ ತುಂಬುತ್ತೀವಿ. ನೋಡೋಕೆ ಚೆನ್ನ. ಆದ್ರೆ ಯೋಚನೆ ಮಾಡಿ. ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಬೆಂಗಳೂರು ನಗರದ್ದೇ 28. ಅಂದ್ರೆ ಎಂಟರಲ್ಲಿ ಒಂದು ಪಾಲು. ನಕ್ಷೆಯಲ್ಲಿ ಅಷ್ಟೂ ಸೇರಿ ಒಂದು ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗುತ್ತೆ! ಅದೇ ಉತ್ತರ ಕನ್ನಡದ ಕಡೆ ನೋಡಿ, ಕಾಡು ತುಂಬಿದ ಒಂದೇ ಕ್ಷೇತ್ರ ಪರದೆಯ ಮೇಲೆ ಎಷ್ಟು ಜಾಗ ತಗೊಳ್ಳುತ್ತೆ. ಕಾಡು ಓಟು ಹಾಕಲ್ಲ, ಜನ ಹಾಕ್ತಾರೆ. ಅದಕ್ಕೇ ಕೆಲವು ದೇಶಗಳ ಪತ್ರಿಕೆಗಳು, ಚಾನೆಲ್‌ಗಳು ಒಂದು ಕ್ಷೇತ್ರಕ್ಕೆ ಒಂದೇ ಅಳತೆಯ ಒಂದು ಚೌಕ ಅಥವಾ ಷಟ್ಕೋನ ಇಟ್ಟು, ಜೇನುಗೂಡಿನ ಹಾಗೆ ಜೋಡಿಸಿ ತೋರಿಸ್ತವೆ. ಊರಿನ ಆಕಾರ ಕೆಡುತ್ತೆ ನಿಜ, ಲೆಕ್ಕ ಸರಿಯಾಗುತ್ತೆ.

ಇನ್ನೊಂದು. ಬಣ್ಣ ಹೇಳೋದು ಗೆದ್ದವರು ಯಾರು ಅಂತ ಮಾತ್ರ. ಐನೂರು ಓಟಲ್ಲಿ ಗೆದ್ದರೂ ಅದೇ ಬಣ್ಣ, ಐವತ್ತು ಸಾವಿರದಲ್ಲಿ ಗೆದ್ದರೂ ಅದೇ ಬಣ್ಣ. 2018ರ ಫಲಿತಾಂಶ ನೆನಪು ಮಾಡ್ಕೊಳ್ಳಿ. ಎಣಿಕೆಯಾದ 222 ಕ್ಷೇತ್ರಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಓಟಿನ ಪಾಲು ನೋಡಿದ್ರೆ? ಕಾಂಗ್ರೆಸ್‌ಗೆ ಸುಮಾರು 38 ಪರ್ಸೆಂಟ್, ಬಿಜೆಪಿಗೆ ಸುಮಾರು 36. 2008ರಲ್ಲೂ ಹೀಗೇ ಆಗಿತ್ತು, ಓಟಿನಲ್ಲಿ ಕಾಂಗ್ರೆಸ್ ಒಂದು ಕೂದಲೆಳೆ ಮುಂದೆ, ಸೀಟಿನಲ್ಲಿ ಬಿಜೆಪಿ 110, ಕಾಂಗ್ರೆಸ್ 80. ಸರ್ಕಾರ ಆಗೋದು ಸೀಟಿನ ಲೆಕ್ಕದಲ್ಲಿ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ‘ರಾಜ್ಯವೇ ಈ ಬಣ್ಣಕ್ಕೆ ತಿರುಗಿತು’ ಅಂತ ನಕ್ಷೆ ತೋರಿಸಿ ನಾನು ಕಿರುಚಿದ್ರೆ, ನಿಮ್ಮ ಪಕ್ಕದ ಮನೆಯವರ ಓಟನ್ನ ನಾನು ಅಳಿಸಿ ಹಾಕಿದ ಹಾಗೆ.

ಮೂರನೇದು ಕೊರೋನಾ ಕಾಲದ್ದು. ಪ್ರತಿ ಸಂಜೆ ‘ಒಟ್ಟು ಸೋಂಕಿತರು’ ಅಂತ ಒಂದು ಗೆರೆ ತೋರಿಸ್ತಿದ್ವಿ. ಕ್ರಿಕೆಟ್ ನೋಡೋರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಓವರ್ ಓವರಿಗೆ ಎಷ್ಟು ರನ್ ಅಂತ ಕಂಬಗಳಲ್ಲಿ ತೋರಿಸ್ತಾರಲ್ಲ, ಅದು ಏರುತ್ತೆ, ಇಳಿಯುತ್ತೆ. ಒಟ್ಟು ರನ್ನಿನ ಗೆರೆ ಇದೆಯಲ್ಲ, ಹುಳು ಹರಿದ ಹಾಗೆ, ಅದು ಯಾವತ್ತೂ ಕೆಳಗೆ ಬರಲ್ಲ. ಹೊಡೆದ ರನ್ ಕಳೆಯೋಕಾಗುತ್ತಾ? ಒಟ್ಟು ಸೋಂಕಿತರ ಗೆರೆಯೂ ಹಾಗೇ. 2020ರ ಅಕ್ಟೋಬರ್ ನಂತರ ರಾಜ್ಯದಲ್ಲಿ ದಿನದ ಹೊಸ ಪ್ರಕರಣಗಳು ಇಳಿದವು. ನಮ್ಮ ಗೆರೆ ಮಾತ್ರ ಏರುತ್ತಲೇ ಇತ್ತು. ಸುಳ್ಳಲ್ಲ ಅದು. ಆದ್ರೆ ಮನೆಯಲ್ಲಿ ಕೂತು ನೋಡ್ತಿದ್ದ ವಯಸ್ಸಾದವರಿಗೆ ನಾವು ಕೊಟ್ಟದ್ದು ಬರೀ ಭಯ.

ಹಾಗಾದ್ರೆ ಎಲ್ಲ ಗ್ರಾಫೂ ಸೊನ್ನೆಯಿಂದಲೇ ಶುರುವಾಗಬೇಕಾ? ಬೇಡ. ಆಸ್ಪತ್ರೆಯಲ್ಲಿ ಜ್ವರದ ಚಾರ್ಟ್ ನೋಡಿದ್ದೀರಲ್ಲ. ಮೈ ಬಿಸಿ 98.6 ಡಿಗ್ರಿ ಇದ್ದದ್ದು 104 ಆದ್ರೆ ಅಪಾಯ. ಅದನ್ನ ಸೊನ್ನೆಯಿಂದ ಬರೆದ್ರೆ ಗೆರೆ ಮಲಗಿದ ಹಾಗೆ ಕಾಣುತ್ತೆ, ರೋಗಿ ಚೆನ್ನಾಗಿದ್ದಾನೆ ಅನ್ಸುತ್ತೆ. ಲೆಕ್ಕ ಇಷ್ಟೇ. ಗೆರೆಯಲ್ಲಿ ನಾವು ನೋಡೋದು ಏರಿಳಿತವನ್ನ, ಅದು ಎಲ್ಲಿಂದ ಬೇಕಾದ್ರೂ ಶುರುವಾಗಬಹುದು, ಎಲ್ಲಿಂದ ಅಂತ ಬರೆದಿರಬೇಕು ಅಷ್ಟೇ. ಕಂಬದಲ್ಲಿ ನೋಡೋದು ಉದ್ದವನ್ನ. ಬುಡ ಕಡಿದ್ರೆ ಉದ್ದವೇ ಸುಳ್ಳಾಗುತ್ತೆ. ಹಾಗಾಗಿ ಕಂಬ ಅಂದ್ಮೇಲೆ ಸೊನ್ನೆಯಿಂದಲೇ ನಿಲ್ಲಬೇಕು.

ಇನ್ನು ಮುಂದೆ ನಮ್ಮ ಚಾನೆಲ್ ಆಗಲಿ, ವಾಟ್ಸಾಪ್‌ನಲ್ಲಿ ಬಂದ ಚಿತ್ರವಾಗಲಿ, ನಾಲ್ಕು ಪ್ರಶ್ನೆ ಕೇಳಿ. ಕಂಬದ ಬುಡದಲ್ಲಿ ಯಾವ ಅಂಕಿ ಇದೆ? ಇದು ಇವತ್ತಿನ ಲೆಕ್ಕವೋ, ಇವತ್ತಿನವರೆಗಿನ ಒಟ್ಟು ಲೆಕ್ಕವೋ? ಇಲ್ಲಿ ದೊಡ್ಡದಾಗಿ ಕಾಣ್ತಿರೋದು ಜನವೋ, ಜಾಗವೋ? ಕೊನೇದು, ಈ ಅಂಕಿ ಕೊಟ್ಟವರು ಯಾರು? ಮೂಲದ ಹೆಸರೇ ಇಲ್ಲದ ಗ್ರಾಫ್ ಅಂದ್ರೆ ಸಹಿ ಇಲ್ಲದ ಚೆಕ್ಕು. ಯಾರಿಗೂ ದಾಟಿಸಬೇಡಿ.

ಆ ಪೆಟ್ರೋಲ್ ಕಂಬದ ವಿಷಯ ಏನಾಯ್ತು ಅಂದ್ರಾ? ತಿದ್ದುಪಡಿ ಹಾಕೋಣ ಅಂತ ಮೀಟಿಂಗಿನಲ್ಲಿ ಹೇಳಿದೆ. “ಯಾರು ಗಮನಿಸಿದ್ದಾರೆ ಬಿಡಿ ಸಾರ್, ಅಂಕಿ ಸರಿಯಾಗೇ ಇತ್ತಲ್ಲ” ಅಂದ್ರು ಕೆಲವರು. ಒಬ್ಬರು ಗಮನಿಸಿದ್ದಾರೆ, ಅವರು ಮೇಷ್ಟ್ರು ಅಂದೆ. ಮಾರನೇ ದಿನ ಅರ್ಧ ನಿಮಿಷ ತಗೊಂಡು, ನಿನ್ನೆ ನಾವು ತೋರಿಸಿದ ಕಂಬ ತಪ್ಪು ಅಂತ ನಾನೇ ಹೇಳಿದೆ. ಕಂಬದ ಜಾಗದಲ್ಲಿ ಬರೀ ಒಂದು ಸಾಲು ಹಾಕಿದ್ವಿ. ದಿನಕ್ಕೆ ಒಂದು ಲೀಟರ್ ಹಾಕಿಸುವವರ ಜೇಬಿಂದ ತಿಂಗಳಿಗೆ 90 ರೂಪಾಯಿ ಹೆಚ್ಚು ಹೋಗುತ್ತೆ. ಬೈಕಿನಲ್ಲಿ ಕೆಲಸಕ್ಕೆ ಹೋಗೋ ಮನುಷ್ಯನಿಗೆ ಆ ತೊಂಬತ್ತು ರೂಪಾಯಿ ಸಣ್ಣದಲ್ಲ. ಅವನ ಸಿಟ್ಟಿಗೆ ಅಷ್ಟು ಸತ್ಯವೇ ಸಾಕು. ನಮ್ಮ ಐದು ಇಂಚಿನ ಕೆಂಪು ಕಂಬ ಬೇಕಿರಲಿಲ್ಲ.

ಅವತ್ತೂ ಮೇಷ್ಟ್ರ ಫೋನ್ ಬಂತು. “ಇವತ್ತು ಸ್ಕೇಲು ಬೇಕಾಗಲಿಲ್ಲ” ಅಂದ್ರು. ಆದ್ರೂ ಸ್ಕೇಲನ್ನ ಒಳಗೆ ಇಡಬೇಡಿ ಮೇಷ್ಟ್ರೇ, ಟಿವಿ ಪಕ್ಕದಲ್ಲೇ ಇರಲಿ ಅಂದೆ. ನಿಮಗೂ ಅದನ್ನೇ ಹೇಳ್ತೀನಿ. ನಮ್ಮನ್ನ ನಂಬಿ, ಅಳೆದು ನಂಬಿ.