ಕೇದಾರದ ದಾರಿಯಲ್ಲೊಂದು ಬರ್ಫಿನ ಅಂಗಳ

ಹೋಳಿ ಹುಣ್ಣಿಮೆ ಕಳೆದ ಐದನೇ ದಿನ ಶರಣಬಸವೇಶ್ವರರ ತೇರು ಎಳೆದರೆ ಕಲಬುರಗಿಗೆ ಬ್ಯಾಸಗಿ ಬಂತೆಂದೇ ಲೆಕ್ಕ. ಅಲ್ಲಿಂದ ಮುಂದೆ ಬಿಸಿಲು ಏರುತ್ತ ಹೋಗಿ ಮೇ ಹೊತ್ತಿಗೆ 42–43 ಡಿಗ್ರಿ ಮುಟ್ಟುತ್ತದೆ. ಅದೇ ಸುಮಾರಿಗೆ, ಅಕ್ಷಯ ತೃತೀಯೆಯ ಆಸುಪಾಸು, ಕೇದಾರನಾಥದ ಬಾಗಿಲು ತೆರೆಯುತ್ತದೆ. ಪಂಚಪೀಠಗಳಲ್ಲಿ ಒಂದಲ್ಲವೇ, ನಮ್ಮ ಕಡೆಯಿಂದ ಭಕ್ತರು ಗುಂಪುಗೂಡಿ ಹೊರಡುತ್ತಾರೆ. ಹರಿದ್ವಾರ, ಋಷಿಕೇಶ ನೋಡಿ ಬೆಟ್ಟ ಹತ್ತುವ ಇವರಲ್ಲಿ ಡೆಹ್ರಾಡೂನಿಗೆ ಹೊರಳುವವರು ಕೆಲವರು, ಅಲ್ಲಿಂದ ಮಸ್ಸೂರಿಗೆ ಹೋಗುವವರು ಇನ್ನೂ ಕೆಲವರು. ಆದರೆ ಡೆಹ್ರಾಡೂನಿನ ರಾಯಪುರದಲ್ಲಿ, ಮಹಾರಾಣಾ ಪ್ರತಾಪ್ ಸ್ಪೋರ್ಟ್ಸ್ ಕಾಲೇಜಿನ ಆವರಣದಲ್ಲಿ, ಸೂರಿನಡಿ ವರ್ಷವಿಡೀ ನೆಲ ಹೆಪ್ಪುಗಟ್ಟಿಸಬಲ್ಲ ಕಟ್ಟಡವೊಂದಿದೆ ಎಂಬುದು ಯಾತ್ರೆಯವರ ಕಿವಿಗೆ ಬೀಳುವುದೇ ಇಲ್ಲ. ಅದರ ಹೆಸರು ಹಿಮಾದ್ರಿ. ಐಸ್ ಹಾಕಿ, ಐಸ್ ಸ್ಕೇಟಿಂಗ್ ಎರಡಕ್ಕೂ ಆಗುವ, ಅಂತರರಾಷ್ಟ್ರೀಯ ಅಳತೆಯ ಒಳಾಂಗಣ ರಿಂಕ್.

ಅಳತೆ ಎಂದರೆ 60 ಮೀಟರ್ ಉದ್ದ, 30 ಮೀಟರ್ ಅಗಲ. ಸುತ್ತಲೂ ಎದೆಮಟ್ಟದ ಹಲಗೆಗೋಡೆ. ಐಸ್ ಹಾಕಿಯಲ್ಲಿ ಒಂದು ಕಡೆಗೆ ಆರು ಮಂದಿ, ಅವರಲ್ಲಿ ಒಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ರಬ್ಬರ್ ಬಿಲ್ಲೆ, ಅದೇ ಪಕ್. ಪುಟಿಯದಿರಲೆಂದು ಆಟಕ್ಕೆ ಮುಂಚೆ ಅದನ್ನೂ ಫ್ರೀಜರಿನಲ್ಲಿಟ್ಟು ತಣ್ಣಗಾಗಿಸುತ್ತಾರೆ. ಪಳಗಿದವನು ಹೊಡೆದರೆ ಗಂಟೆಗೆ 150 ಕಿಲೋಮೀಟರ್ ದಾಟಿ ಹಾರುತ್ತದೆ. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಪಾಳಿ. ಆಟ ನಡೆಯುತ್ತಿರುವಾಗಲೇ ಆಟಗಾರರು ಬದಲಾಗುತ್ತಿರುತ್ತಾರೆ, ಏಕೆಂದರೆ ಆ ವೇಗದಲ್ಲಿ ಒಬ್ಬ ಸತತವಾಗಿ ಒಂದು ನಿಮಿಷ ಆಡುವುದೇ ಹೆಚ್ಚು. ಕೊಡಗಿನ ಹಾಕಿ ನೋಡಿ ಬೆಳೆದ ಕಣ್ಣಿಗೆ ಮೊದಲ ಹತ್ತು ನಿಮಿಷ ಇದು ಹಾಕಿಯೋ ಕುಸ್ತಿಯೋ ತಿಳಿಯುವುದಿಲ್ಲ. ಮೈಗೆ ಮೈ ಗುದ್ದಿ ಪಕ್ ಕಸಿಯುವುದಕ್ಕೆ ಗಂಡಸರ ಆಟದಲ್ಲಿ ನಿಯಮವೇ ಒಪ್ಪಿಗೆ ಕೊಟ್ಟಿದೆ.

ನನಗೆ ಆಟಕ್ಕಿಂತ ನೆಲದ ಸಂಗತಿಯೇ ಹೆಚ್ಚು ಕುತೂಹಲದ್ದು. ನಮ್ಮ ಜಾತ್ರೆಯ ಗೋಲಾ ಗಾಡಿಗೆ ಬರ್ಫಿನ ಗಟ್ಟಿ ಎಲ್ಲಿಂದ ಬರುತ್ತದೆ? ಐಸ್ ಫ್ಯಾಕ್ಟರಿಯಿಂದ. ಅಲ್ಲಿ ಅಮೋನಿಯಾ ಯಂತ್ರದಿಂದ ಉಪ್ಪುನೀರನ್ನು ಸೊನ್ನೆ ಡಿಗ್ರಿಗಿಂತ ಕೆಳಗಿಳಿಸುತ್ತಾರೆ. ಉಪ್ಪಿರುವುದರಿಂದ ಆ ನೀರು ಹೆಪ್ಪುಗಟ್ಟುವುದಿಲ್ಲ. ಅದರಲ್ಲಿ ಸಿಹಿನೀರು ತುಂಬಿದ ತಗಡಿನ ಡಬ್ಬಿಗಳನ್ನು ಇಳಿಬಿಟ್ಟರೆ ಒಳಗಿನ ನೀರು ಗಟ್ಟಿಯಾಗುತ್ತದೆ. ಹಾಕಿ ಅಂಗಳವೂ ಮೂಲದಲ್ಲಿ ಇಷ್ಟೇ, ನೆಲದುದ್ದಕ್ಕೂ ಹಾಸಿದ ಐಸ್ ಫ್ಯಾಕ್ಟರಿ. ಕಾಂಕ್ರೀಟ್ ಹಾಸಿನೊಳಗೆ ಒತ್ತೊತ್ತಾಗಿ ಕೊಳವೆಗಳು. ಕೂಡಿಸಿದರೆ ಹಲವು ಕಿಲೋಮೀಟರ್ ಉದ್ದ. ಅವುಗಳಲ್ಲಿ ಉಪ್ಪುನೀರೋ ಗ್ಲೈಕಾಲ್ ದ್ರಾವಣವೋ ಎಡೆಬಿಡದೆ ಹರಿಯುತ್ತದೆ. ಮೇಲೆ ನೀರನ್ನು ಒಮ್ಮೆಲೇ ಸುರಿಯುವಂತಿಲ್ಲ. ತೆಳುವಾಗಿ ಸಿಂಪಡಿಸಿ ಒಂದು ಪದರು ಗಟ್ಟಿಯಾದ ಮೇಲೆ ಇನ್ನೊಂದು. ನಡುವೆ ಬಿಳಿ ಬಣ್ಣ, ಅದರ ಮೇಲೆ ಕೆಂಪು ನೀಲಿ ಗೆರೆ, ಮತ್ತೆ ನೀರು. ದಿನಗಟ್ಟಲೆ ಹೀಗೆ ಮಾಡಿದರೂ ಕೊನೆಗೆ ದಪ್ಪ ಮೂರು ನಾಲ್ಕು ಸೆಂಟಿಮೀಟರ್ ಅಷ್ಟೇ. ಹಾಸಿನ ಕೆಳಗೆ ಶಾಖನಿರೋಧಕ ಪದರವಿರಬೇಕು, ಅದರ ಅಡಿಯ ಮಣ್ಣನ್ನು ಬೆಚ್ಚಗಿಡುವ ಏರ್ಪಾಡೂ ಇರಬೇಕು. ಇಲ್ಲದಿದ್ದರೆ ಮಣ್ಣಿನ ತೇವ ಹೆಪ್ಪುಗಟ್ಟಿ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ.

ಸ್ಕೇಟಿನ ಅಲಗು ಗೀಚಿ ಗೀಚಿ ಹಾಳಾದ ಮೈಯನ್ನು ಪಾಳಿಗೊಮ್ಮೆ ನಯಗೊಳಿಸುವ ಗಾಡಿಯ ಕತೆಯೂ ಬರ್ಫಿನ ವ್ಯಾಪಾರದಿಂದಲೇ ಹುಟ್ಟಿದ್ದು. ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ ಐಸ್ ಗಟ್ಟಿ ಮಾಡಿ ಮಾರುತ್ತಿದ್ದವ. ಮನೆಮನೆಗೆ ಫ್ರಿಜ್ ಬಂದು ವ್ಯಾಪಾರ ಕುಸಿಯುವ ಲಕ್ಷಣ ಕಂಡಾಗ ತನ್ನ ಅನುಭವವನ್ನು ಹೂಡಿ 1940ರಲ್ಲಿ ಸ್ಕೇಟಿಂಗ್ ರಿಂಕ್ ತೆರೆದ, 1949ರಲ್ಲಿ ಈ ಗಾಡಿ ಮಾಡಿದ. ಇಂದಿಗೂ ಜಗತ್ತಿನ ಅನೇಕ ರಿಂಕ್‌ಗಳಲ್ಲಿ ಅದಕ್ಕೆ ಅವನದೇ ಹೆಸರು. ಗಾಡಿ ಮೇಲ್ಪದರವನ್ನು ಹೆರೆದು, ಹಿಂದಿನಿಂದ ಬಿಸಿನೀರು ಬಳಿಯುತ್ತ ಹೋಗುತ್ತದೆ. ತಣ್ಣೀರಲ್ಲ, ಬಿಸಿನೀರೇ. ಅದು ಮೇಲಿನ ಗೀರುಗಳನ್ನು ತುಸು ಕರಗಿಸಿ ಹಳೆಯ ಪದರಿನೊಂದಿಗೆ ಬೆಸೆದುಕೊಳ್ಳುತ್ತದೆ. ಇದಕ್ಕೂ ಬಹಳ ಹಿಂದೆ, 1876ರಲ್ಲಿ, ಲಂಡನ್ನಿನ ಚೆಲ್ಸಿಯಲ್ಲಿ ಯಂತ್ರದಿಂದ ಮೊದಲ ರಿಂಕ್ ಮಾಡಿದ ಜಾನ್ ಗ್ಯಾಮ್ಜಿ ದನದ ಡಾಕ್ಟರು. ಹಡಗಿನಲ್ಲಿ ಮಾಂಸ ಕೆಡದಂತೆ ತರುವ ಉಪಾಯ ಹುಡುಕಹೋಗಿ ರಿಂಕ್ ಕಟ್ಟಿದವ. ನೆಲದಡಿ ಮಣ್ಣು, ದನದ ಕೂದಲು, ಮರದ ಹಲಗೆ ಹಾಸಿದ್ದನಂತೆ! ಮಾಂಟ್ರಿಯಲ್‌ನಲ್ಲಿ ಸೂರಿನಡಿ ಮೊದಲ ಐಸ್ ಹಾಕಿ ಪಂದ್ಯ ನಡೆದದ್ದು ಅದರ ಹಿಂದಿನ ವರ್ಷ, 1875ರ ಮಾರ್ಚ್ 3ರಂದು. ಅಲ್ಲಿ ಯಂತ್ರ ಬೇಕಿರಲಿಲ್ಲ, ಚಳಿಯೇ ಸಾಕಿತ್ತು.

ಹಿಮಾದ್ರಿಗೆ ಬರೋಣ. ಕಟ್ಟಿದ್ದು 2011ರ ಜನವರಿಯ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ. ಹಿಮದ ಮೇಲಿನ ಆಟಗಳು ಔಲಿಯಲ್ಲಿ, ರಿಂಕಿನವು ಇಲ್ಲಿ. ಮರುವರ್ಷದ ಮಾರ್ಚಿನಲ್ಲಿ ಐಸ್ ಹಾಕಿಯ ಚಾಲೆಂಜ್ ಕಪ್ ಆಫ್ ಏಷ್ಯಾ ಕೂಡ ಇಲ್ಲೇ ಆಯಿತು. ಆಮೇಲೆ ಬಾಗಿಲು ಬಿತ್ತು. ಕರೆಂಟಿನ ಬಿಲ್ಲು, ನಿರ್ವಹಣೆ ಎರಡೂ ಕೈಮೀರಿ ಹತ್ತಕ್ಕೂ ಹೆಚ್ಚು ವರ್ಷ ಯಂತ್ರಗಳು ಸುಮ್ಮನೆ ನಿಂತವು. ಇದರಲ್ಲಿ ಅಚ್ಚರಿಯೇನಿಲ್ಲ. ಕ್ರಿಕೆಟ್ ಮೈದಾನಕ್ಕೆ ಬೀಗ ಹಾಕಿದರೆ ಹುಲ್ಲು ಬೆಳೆಯುತ್ತದೆ, ಮತ್ತೆ ಕೊಯ್ಯಬಹುದು. ರಿಂಕಿನಲ್ಲಿ ಯಂತ್ರ ನಿಲ್ಲಿಸಿದರೆ ಆಡುವ ನೆಲವೇ ನೀರಾಗಿ ಹೋಗುತ್ತದೆ. ಆಟವಿರಲಿ ಇಲ್ಲದಿರಲಿ, ಹಗಲೂ ರಾತ್ರಿ ತಂಪು ಹರಿಯುತ್ತಲೇ ಇರಬೇಕು. ಸೂರಿನ ಕಾವು, ದೀಪದ ಕಾವು, ಜನರ ಮೈಬಿಸಿ, ಬಳಿದ ಬಿಸಿನೀರು ಎಲ್ಲವನ್ನೂ ಹೊರಹಾಕಬೇಕು. ಮಳೆಗಾಲದ ಡೆಹ್ರಾಡೂನಿನಲ್ಲಿ ಗಾಳಿಯ ತೇವವನ್ನೂ ಹೀರಬೇಕು. ಬಿಟ್ಟರೆ ಒಳಗೆ ಮಂಜು ಕವಿದು ಪಕ್ ಕಾಣುವುದಿಲ್ಲ.

2025ರಲ್ಲಿ ದುರಸ್ತಿಯಾಗಿ, ಸೌರ ವಿದ್ಯುತ್ತಿನ ಆಸರೆಯೂ ಸಿಕ್ಕಿ, ಹಿಮಾದ್ರಿ ಮತ್ತೆ ಹೆಪ್ಪುಗಟ್ಟಿತು. ಅದೇ ವರ್ಷದ ಆಗಸ್ಟ್ 20ರಿಂದ 23ರವರೆಗೆ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆ ಅಲ್ಲಿ ನಡೆಯಿತು. ಯಾತ್ರೆಗೆ ಹೋಗುವವರು ಅರ್ಧ ದಿನ ಎತ್ತಿಟ್ಟುಕೊಂಡು ನೋಡಿ ಬರಬಹುದು. ಅಂದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಕೇದಾರಕ್ಕೆಂದು ಒಯ್ದ ಸ್ವೆಟರು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕಟ್ಟಡ ಡೆಹ್ರಾಡೂನಿನಲ್ಲಿದ್ದರೂ ಐಸ್ ಹಾಕಿಯವರು ಬರುವುದು ಬಹುಪಾಲು ಲಡಾಖಿನಿಂದ. ಲೇಹ್‌ನ ಕರ್ಜೂ ಕೊಳ ಚಳಿಗಾಲದಲ್ಲಿ ತಾನಾಗಿ ಹೆಪ್ಪುಗಟ್ಟುತ್ತದೆ, ಮಕ್ಕಳು ಅದರ ಮೇಲೆಯೇ ಕಲಿಯುತ್ತಾರೆ. ವರ್ಷಕ್ಕೆ ಎರಡು ತಿಂಗಳಷ್ಟೇ ಸಿಗುವ ಆ ಬರ್ಫಿನಿಂದಲೇ ನಮ್ಮ ಮಹಿಳಾ ತಂಡ ಎದ್ದಿತು. 2016ರಲ್ಲಿ ತೈಪೆಯಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ, ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಮೊದಲ ಗೆಲುವು, 2025ರಲ್ಲಿ ಏಷ್ಯಾ ಕಪ್ ಕಂಚು. ಆ ಕಂಚು ಗೆದ್ದದ್ದು ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ, ಜೂನ್ ತಿಂಗಳಲ್ಲಿ, ಕಲಬುರಗಿಗಿಂತಲೂ ಸುಡುವ ಮರುಭೂಮಿಯ ಊರಿನಲ್ಲಿ. ಹಾಗಾಗಿ ಬಿಸಿಲೂರಿಗೆ ಐಸ್ ಹಾಕಿ ಆಗದು ಎನ್ನುವ ಮಾತಿಗೆ ಬೆಲೆಯಿಲ್ಲ. ಬಿಸಿಲು ಅಡ್ಡಿಯಲ್ಲ, ತಿಂಗಳ ಬಿಲ್ಲು ಅಡ್ಡಿ.

ಆದ್ದರಿಂದ ಕಲಬುರಗಿಗೂ ಒಂದು ಹಿಮಾದ್ರಿ ಬೇಕೆಂದು ನಾನು ಕೇಳುವುದಿಲ್ಲ. ಉದ್ಘಾಟನೆಯ ಫೋಟೋ ತೆಗೆದ ಮೇಲೆ ಬೀಗ ಬೀಳುವ ಕಟ್ಟಡಗಳು ನಮಗೇನು ಕಡಿಮೆಯಿಲ್ಲ. ಆದರೆ ಭಾರತದ ಐಸ್ ಸ್ಕೇಟರುಗಳಲ್ಲಿ ಅನೇಕರು ಮೊದಲು ಕಲಿತದ್ದು ಚಕ್ರದ ಸ್ಕೇಟಿನ ಮೇಲೆ. ಅದಕ್ಕೆ ಬೇಕಿರುವುದು ನುಣುಪಾದ ಕಾಂಕ್ರೀಟ್ ನೆಲ, ಸುತ್ತ ಹಲಗೆಗೋಡೆ, ಮೇಲೊಂದು ತಗಡಿನ ಸೂರು. ಅದೇ ನೆಲದ ಮೇಲೆ ಇನ್‌ಲೈನ್ ಹಾಕಿ ಆಡಬಹುದು. ಬೆಂಗಳೂರು, ಬೆಳಗಾವಿಗಳಲ್ಲಿ ರೋಲರ್ ಸ್ಕೇಟಿಂಗ್ ಚೆನ್ನಾಗಿ ಬೇರೂರಿದೆ, ಕಲಿಸುವವರೂ ಅಲ್ಲಿ ಸಿಗುತ್ತಾರೆ. ಮುಂದಿನ ಜಿಲ್ಲಾ ಕ್ರೀಡಾ ಯೋಜನೆಯಲ್ಲಿ ಅರ್ಧ ಅಳತೆಯದಾದರೂ ಇಂಥದೊಂದು ನೆಲಕ್ಕೆ ಜಾಗ ಮಾಡಲಿ. ಬೆಳಗಿನ ಆರಕ್ಕೆ, ಬಿಸಿಲೇರುವ ಮುಂಚೆ, ಮಕ್ಕಳು ಬಂದೇ ಬರುತ್ತಾರೆ.