ತಪ್ಪು ಸಿಕ್ಕಿದಾಗ ಏನು ಮಾಡಬೇಕು? ಲಿಸ್ಪ್ ಭಾಷೆ ಕೊಡುವ ಉತ್ತರ

ಒಂದು ತರಗತಿಯ ಅಂಕಪಟ್ಟಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ರೋಲ್ ನಂಬರ್ 1ಕ್ಕೆ 72, 2ಕ್ಕೆ 65, 3ರ ಮುಂದೆ "ಎಬಿ", 4ಕ್ಕೆ 81. ಎಬಿ ಎಂದರೆ ಪರೀಕ್ಷೆಗೆ ಗೈರುಹಾಜರು ಎಂದು ನಮಗೆಲ್ಲ ಗೊತ್ತು. ಸರಾಸರಿ ತೆಗೆಯಬೇಕಾದ ಕಂಪ್ಯೂಟರಿಗೆ ಗೊತ್ತಿಲ್ಲ. ಎಬಿಯನ್ನು ಸೊನ್ನೆ ಎಂದು ಹಿಡಿದರೆ ಸರಾಸರಿ 54.5 ಬರುತ್ತದೆ. ಆ ಸಾಲನ್ನು ಬಿಟ್ಟು ಉಳಿದ ಮೂವರದ್ದನ್ನು ಮಾತ್ರ ಲೆಕ್ಕ ಹಾಕಿದರೆ 72.67. ಎರಡೇ ಅಕ್ಷರದಿಂದ 18 ಅಂಕಕ್ಕೂ ಹೆಚ್ಚಿನ ವ್ಯತ್ಯಾಸ! ಇವೆರಡರಲ್ಲಿ ಯಾವುದು ಸರಿ ಎಂಬುದನ್ನು ಗಣಿತ ಹೇಳುವುದಿಲ್ಲ, ಕಾಲೇಜಿನ ನಿಯಮ ಹೇಳಬೇಕು.

ನಾನು ದ್ವಿತೀಯ ಪಿಯುಸಿ, ಪಿಸಿಎಂಸಿ ವಿದ್ಯಾರ್ಥಿನಿ. ತರಗತಿಯಲ್ಲಿ ಪೈಥಾನ್ ಕಲಿಯುತ್ತಿದ್ದೇವೆ. ಬೇಸಿಗೆ ರಜೆಯಲ್ಲಿ ಕುತೂಹಲಕ್ಕೆಂದು ಲಿಸ್ಪ್ ಎಂಬ ಹಳೆಯ ಭಾಷೆಯನ್ನು ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡು ಕಲಿತೆ. "ಇದು ಸಂಖ್ಯೆಯೇ, ಅಲ್ಲವೇ" ಎಂದು ನೋಡುವುದು ಹೇಗೆ, ಅಲ್ಲದಿದ್ದರೆ ಮುಂದೇನು ಎಂದು ತೀರ್ಮಾನಿಸುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಆ ಭಾಷೆ ಕೊಡುವ ಉತ್ತರ ನನಗೆ ಬಹಳ ಇಷ್ಟವಾಯಿತು. ಅದನ್ನೇ ಇಲ್ಲಿ ವಿವರಿಸುತ್ತೇನೆ. ಲಿಸ್ಪ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಕಂಪ್ಯೂಟರಿನಲ್ಲಿ ಪ್ರಯತ್ನಿಸುವಾಗ ಆ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು.

ಲಿಸ್ಪ್ ಎಂದರೇನು?

ಲಿಸ್ಪ್ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, 1958ರಲ್ಲಿ. ರೂಪಿಸಿದವರು ಜಾನ್ ಮೆಕಾರ್ಥಿ. ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1960ರಲ್ಲಿ. ಅವರು ಕಾಗದದ ಮೇಲೆ ಬರೆದಿದ್ದ ಮುಖ್ಯ ಸೂತ್ರವನ್ನು ಐಬಿಎಂ 704 ಯಂತ್ರದ ಮೇಲೆ ನಿಜವಾಗಿ ಓಡುವಂತೆ ಮಾಡಿದವರು ಸ್ಟೀವ್ ರಸೆಲ್. ಇಂದಿಗೂ ಬಳಕೆಯಲ್ಲಿರುವ ಉನ್ನತ ಮಟ್ಟದ ಭಾಷೆಗಳಲ್ಲಿ ಫೋರ್ಟ್ರಾನ್ ಬಿಟ್ಟರೆ ಇದೇ ಹಿರಿಯದು. ಮುಂದೆ ಇದಕ್ಕೆ ಸ್ಕೀಮ್, ಕಾಮನ್ ಲಿಸ್ಪ್, ಕ್ಲೋಜರ್ ಮುಂತಾದ ಹಲವು ಕವಲುಗಳು ಒಡೆದವು. ನಾನು ಹೇಳುವುದೆಲ್ಲ 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿಯ ಮನ್ನಣೆ ಪಡೆದ ಕಾಮನ್ ಲಿಸ್ಪ್ ಬಗ್ಗೆ.

ಲಿಸ್ಪ್‌ನಲ್ಲಿ ಎಲ್ಲವೂ ಆವರಣ ಚಿಹ್ನೆಯ ಒಳಗೆ ಇರುತ್ತದೆ. ಮೊದಲು ಕೆಲಸದ ಹೆಸರು, ಆಮೇಲೆ ಸಾಮಗ್ರಿ. 2 ಮತ್ತು 3 ಕೂಡಿಸಬೇಕಾದರೆ (+ 2 3) ಎಂದು ಬರೆಯಬೇಕು. ಸರಾಸರಿ ತೆಗೆಯುವ ಫಂಕ್ಷನ್ ಹೀಗಿರುತ್ತದೆ:

(ಡಿಫನ್ ಸರಾಸರಿ (ಅಂಕಗಳು)
  (/ (ರೆಡ್ಯೂಸ್ #'+ ಅಂಕಗಳು) (ಲೆಂತ್ ಅಂಕಗಳು)))

ಇದಕ್ಕೆ 72, 65, 81 ಕೊಟ್ಟರೆ ಉತ್ತರ 218/3 ಎಂದು ಬರುತ್ತದೆ. ದಶಮಾಂಶವಾಗಿ ಮಾಡಿ ತುದಿ ಕತ್ತರಿಸದೆ ಭಿನ್ನರಾಶಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಏಕೆಂದರೆ ಲಿಸ್ಪ್‌ನಲ್ಲಿ ಭಿನ್ನರಾಶಿ ಕೂಡ ಒಂದು ಟೈಪ್.

ಚೀಟಿ ಡಬ್ಬಕ್ಕೋ, ಒಳಗಿನ ವಸ್ತುವಿಗೋ?

ಟೈಪ್ ಎಂದರೆ ದತ್ತಾಂಶದ ಜಾತಿ. ಪೂರ್ಣಾಂಕ, ಭಿನ್ನರಾಶಿ, ಅಕ್ಷರಮಾಲೆ, ಪಟ್ಟಿ ಇತ್ಯಾದಿ. ಸಿ ಭಾಷೆಯಲ್ಲಿ ನಾವು ಮೊದಲೇ ವೇರಿಯಬಲ್‌ಗೆ ಟೈಪ್ ಹೇಳುತ್ತೇವೆ. ಅಡುಗೆಮನೆಯ ಡಬ್ಬಕ್ಕೆ "ಸಕ್ಕರೆ" ಎಂದು ಚೀಟಿ ಅಂಟಿಸಿದ ಹಾಗೆ. ಆ ಡಬ್ಬದಲ್ಲಿ ಸಕ್ಕರೆಯೇ ಇರಬೇಕು.

ಲಿಸ್ಪ್‌ನಲ್ಲಿ ಡಬ್ಬಕ್ಕೆ ಚೀಟಿ ಇಲ್ಲ, ಒಳಗಿಡುವ ವಸ್ತುವೇ ತನ್ನ ಚೀಟಿಯನ್ನು ಹೊತ್ತು ಬರುತ್ತದೆ. ಅಂದರೆ ಕಂಪ್ಯೂಟರಿನ ನೆನಪಿನಲ್ಲಿ ಪ್ರತಿ ಮೌಲ್ಯದ ಜೊತೆ ಅದು ಯಾವ ಟೈಪ್ ಎಂದು ಹೇಳುವ ಗುರುತು ಇರುತ್ತದೆ. ಒಂದೇ ವೇರಿಯಬಲ್‌ನಲ್ಲಿ ಈಗ ಸಂಖ್ಯೆ, ಆಮೇಲೆ ಹೆಸರು ಇಡಬಹುದು. ಕೂಡಿಸುವ ಹೊತ್ತಿಗೆ ಲಿಸ್ಪ್ ಆ ಗುರುತನ್ನು ನೋಡುತ್ತದೆ. (+ 2 "3") ಎಂದು ಕೊಟ್ಟರೆ "ಇದು ಸಂಖ್ಯೆಯಲ್ಲ" ಎಂದು ನಿಲ್ಲುತ್ತದೆ. ಕೆಲವು ಭಾಷೆಗಳು 2 ಮತ್ತು "3" ಸೇರಿಸಿ "23" ಮಾಡಿಬಿಡುತ್ತವೆ. ಲಿಸ್ಪ್ ಹಾಗೆ ಮಾಡುವುದಿಲ್ಲ, ನಮ್ಮ ಪೈಥಾನ್ ಕೂಡ ಮಾಡುವುದಿಲ್ಲ. ಓಡುವಾಗ ಟೈಪ್ ನೋಡುವ ಭಾಷೆ ಎಂದರೆ ಟೈಪ್ ಬಗ್ಗೆ ಸಡಿಲವಾದ ಭಾಷೆ ಎಂದು ಅರ್ಥವಲ್ಲ.

ಇನ್ನೂ ಬಿಗಿ ಬೇಕಾದರೆ ನಾವೇ ಕಾವಲು ಇಡಬಹುದು:

(ಚೆಕ್-ಟೈಪ್ ಅಂಕ (ಇಂಟಿಜರ್ 0 100))

ಈ ಸಾಲು ಗಮನಿಸಿ. "0ರಿಂದ 100ರ ವರೆಗಿನ ಪೂರ್ಣಾಂಕ" ಎಂಬುದೇ ಇಲ್ಲಿ ಒಂದು ಟೈಪ್. ಹಾಗಾಗಿ "ಎಬಿ" ಮಾತ್ರವಲ್ಲ, 105 ಬಂದರೂ, ಮೈನಸ್ 4 ಬಂದರೂ ಅದು ಟೈಪ್ ತಪ್ಪೇ. ಕಾವಲು ತಡೆದಾಗ ಲಿಸ್ಪ್ ಬರೀ ಬೈದು ಸುಮ್ಮನಾಗುವುದಿಲ್ಲ. "ಅಂಕಕ್ಕೆ ಹೊಸ ಮೌಲ್ಯ ಕೊಡುತ್ತೀರಾ, ಇಲ್ಲವೇ ಕೆಲಸ ನಿಲ್ಲಿಸಲೇ?" ಎಂದು ಆಯ್ಕೆ ಮುಂದಿಡುತ್ತದೆ. ಹೊಸ ಮೌಲ್ಯ ಕೊಟ್ಟರೆ ನಿಂತ ಜಾಗದಿಂದಲೇ ಕೆಲಸ ಮುಂದುವರಿಯುತ್ತದೆ.

ನಾನು ಬಳಸುವ ಎಸ್‌ಬಿಸಿಎಲ್ ಎಂಬ ಉಚಿತ ಕಂಪೈಲರ್ ಇನ್ನೂ ಒಂದು ಉಪಕಾರ ಮಾಡುತ್ತದೆ. ಫಂಕ್ಷನ್ ಒಳಗೆ ಸಂಖ್ಯೆ ಮತ್ತು ಅಕ್ಷರಮಾಲೆಯನ್ನು ಕೂಡಿಸುವ ಸಾಲು ಸ್ಪಷ್ಟವಾಗಿ ಕಂಡರೆ, ಓಡಿಸುವ ಮೊದಲೇ ಎಚ್ಚರಿಸುತ್ತದೆ. ಆದರೆ ಎಲ್ಲ ತಪ್ಪನ್ನೂ ಮೊದಲೇ ಹಿಡಿಯಲು ಅದಕ್ಕೆ ಆಗುವುದಿಲ್ಲ. ಲಿಸ್ಪ್‌ನ ಒಂದು ದೌರ್ಬಲ್ಯವನ್ನೂ ಹೇಳಬೇಕು. "ನಿಲ್" ಎಂಬ ಒಂದೇ ಮೌಲ್ಯ ಅಲ್ಲಿ "ಸುಳ್ಳು" ಎಂದೂ ಆಗುತ್ತದೆ, "ಖಾಲಿ ಪಟ್ಟಿ" ಎಂದೂ ಆಗುತ್ತದೆ. ಖಾಲಿ ಪಟ್ಟಿಯ ಮೊದಲ ಅಂಶ ಕೇಳಿದರೆ ತಪ್ಪು ಎನ್ನದೆ ಮತ್ತೆ ನಿಲ್ ಕೊಡುತ್ತದೆ. ಹೀಗಾಗಿ ಒಂದು ಕಡೆ ಆದ ತಪ್ಪು ಸದ್ದಿಲ್ಲದೆ ಬಹಳ ದೂರ ಹೋಗಿ ಬೇರೆಲ್ಲೋ ಹೊರಬೀಳಬಹುದು.

ಕಂಡವರು ಒಬ್ಬರು, ತೀರ್ಮಾನಿಸುವವರು ಇನ್ನೊಬ್ಬರು

ಈಗ ಮುಖ್ಯ ವಿಷಯಕ್ಕೆ ಬರೋಣ. ಅಂಕ ಓದುವ ಚಿಕ್ಕ ಫಂಕ್ಷನ್‌ಗೆ ತಪ್ಪು ಕಾಣುತ್ತದೆ, ಆದರೆ ಕಾಲೇಜಿನ ನಿಯಮ ಗೊತ್ತಿಲ್ಲ. ಅದನ್ನು ಕರೆದ ಮೇಲಿನ ಪ್ರೋಗ್ರಾಮಿಗೆ ನಿಯಮ ಗೊತ್ತು, ಆದರೆ ತಪ್ಪು ನಡೆದ ಜಾಗದಲ್ಲಿ ಅದು ಇಲ್ಲ. ಪೈಥಾನಿನ ಟ್ರೈ-ಎಕ್ಸೆಪ್ಟ್ ಬಳಸಿದರೆ ಸುದ್ದಿ ಮೇಲಕ್ಕೆ ಮುಟ್ಟುತ್ತದೆ ನಿಜ. ಆದರೆ ಎಕ್ಸೆಪ್ಟ್ ಭಾಗಕ್ಕೆ ಬರುವಷ್ಟರಲ್ಲಿ ಕೆಳಗೆ ಅರ್ಧ ಆಗಿದ್ದ ಕೆಲಸ ಬಿಟ್ಟುಹೋಗಿರುತ್ತದೆ. ಅದೇ ಜಾಗಕ್ಕೆ ಹಿಂತಿರುಗಲು ದಾರಿ ಇಲ್ಲ.

ಕಾಮನ್ ಲಿಸ್ಪ್ ಈ ಕೆಲಸವನ್ನು ಮೂರು ಪಾಲು ಮಾಡಿದೆ. ಮೊದಲನೆಯದು, ತಪ್ಪಾಗಿದೆ ಎಂದು ಕೂಗಿ ಹೇಳುವುದು. ಎರಡನೆಯದು, ಸರಿಪಡಿಸಲು ಯಾವ ಯಾವ ದಾರಿಗಳಿವೆ ಎಂದು ಕೆಳಗಿನವರು ಮುಂದಿಡುವುದು. ಇದಕ್ಕೆ ರೀಸ್ಟಾರ್ಟ್ ಎನ್ನುತ್ತಾರೆ. ಮೂರನೆಯದು, ಆ ದಾರಿಗಳಲ್ಲಿ ಒಂದನ್ನು ಮೇಲಿನವರು ಆರಿಸುವುದು. ಇದನ್ನು ಮಾಡುವವನು ಹ್ಯಾಂಡ್ಲರ್. ಕೆಳಗಿನ ಫಂಕ್ಷನ್ ಹೀಗಿರಲಿ:

(ಡಿಫನ್ ಅಂಕ-ಓದು (ಮೌಲ್ಯ)
  (ಇಫ್ (ಟೈಪ್-ಪಿ ಮೌಲ್ಯ '(ಇಂಟಿಜರ್ 0 100))
      ಮೌಲ್ಯ
      (ರೀಸ್ಟಾರ್ಟ್-ಕೇಸ್ (ಎರರ್ "ಇದು ಅಂಕವಲ್ಲ")
        (ಬಿಟ್ಟುಬಿಡು () ನಿಲ್)
        (ಬೇರೆ-ಅಂಕ (ಹೊಸದು) ಹೊಸದು))))

(ಇಲ್ಲಿ ಟೈಪ್-ಪಿ ಎಂದು ಓದಲು ಅನುಕೂಲಕ್ಕೆ ಅಡ್ಡಗೆರೆ ಹಾಕಿದ್ದೇನೆ, ಲಿಸ್ಪ್‌ನಲ್ಲಿ ಅದು ಒಂದೇ ಪದ.) ಅಂಕ ಸರಿಯಿದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಕೂಗಿ ಹೇಳು, ಜೊತೆಗೆ "ಬಿಟ್ಟುಬಿಡಬಹುದು ಅಥವಾ ಬೇರೆ ಅಂಕ ಕೊಡಬಹುದು" ಎಂದು ತಿಳಿಸು. ಇಷ್ಟೇ ಅದರ ಕೆಲಸ. ತೀರ್ಮಾನ ಅದರದ್ದಲ್ಲ. ಮೇಲಿನ ಪ್ರೋಗ್ರಾಮ್ ಹೀಗೆ:

(ಹ್ಯಾಂಡ್ಲರ್-ಬೈಂಡ್
    ((ಎರರ್ (ಲ್ಯಾಂಬ್ಡಾ (ತಪ್ಪು)
             (ಇನ್ವೋಕ್-ರೀಸ್ಟಾರ್ಟ್ 'ಬಿಟ್ಟುಬಿಡು))))
  (ಸರಾಸರಿ (ರಿಮೂವ್ ನಿಲ್ (ಮ್ಯಾಪ್ಕಾರ್ #'ಅಂಕ-ಓದು ಪಟ್ಟಿ))))

ಪಟ್ಟಿಯಲ್ಲಿ 72, 65, "ಎಬಿ", 81 ಇದ್ದರೆ ಉತ್ತರ 218/3. ಗೈರುಹಾಜರಿಗೆ ಸೊನ್ನೆ ಎಂಬ ನಿಯಮ ಇದ್ದರೆ ಒಂದೇ ಸಾಲು ಬದಲಿಸಿದರೆ ಸಾಕು: (ಇನ್ವೋಕ್-ರೀಸ್ಟಾರ್ಟ್ 'ಬೇರೆ-ಅಂಕ 0). ಆಗ ಉತ್ತರ 109/2, ಅಂದರೆ 54.5. ಅಂಕ-ಓದು ಫಂಕ್ಷನ್‌ನ ಒಂದು ಅಕ್ಷರವನ್ನೂ ಮುಟ್ಟಬೇಕಾಗಿಲ್ಲ. ಹ್ಯಾಂಡ್ಲರ್ ತೀರ್ಮಾನ ತೆಗೆದುಕೊಳ್ಳುವಾಗ ಕೆಳಗಿನ ಕೆಲಸ ನಿಂತಲ್ಲೇ ಕಾಯುತ್ತಿರುತ್ತದೆ. ಆದ್ದರಿಂದಲೇ ನಾಲ್ಕನೆಯ ವಿದ್ಯಾರ್ಥಿಯ 81 ಕಳೆದುಹೋಗುವುದಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕಿನ ಸಹಿ ಹೊಂದದಿದ್ದರೆ ಗುಮಾಸ್ತರು ಚೆಕ್ಕನ್ನು ಹರಿದು ಹಾಕುವುದಿಲ್ಲ, ತಾವಾಗಿಯೇ ಹಣ ಕೊಡುವುದೂ ಇಲ್ಲ. ಮ್ಯಾನೇಜರ್ ಬಳಿ ಒಯ್ದು ಕೇಳುತ್ತಾರೆ. ಗ್ರಾಹಕರು ಕೌಂಟರಿನಲ್ಲೇ ಕಾಯುತ್ತಿರುತ್ತಾರೆ. ಇಲ್ಲಿ ಗುಮಾಸ್ತರು ಅಂಕ-ಓದು, ಮ್ಯಾನೇಜರ್ ಹ್ಯಾಂಡ್ಲರ್.

ಯಾರೂ ತೀರ್ಮಾನ ಹೇಳದಿದ್ದರೆ? ಆಗ ಲಿಸ್ಪ್ ಡಿಬಗರ್ ತೆರೆದು ಅದೇ ಆಯ್ಕೆಗಳನ್ನು ಪರದೆಯ ಮೇಲೆ ಸಂಖ್ಯೆ ಹಾಕಿ ತೋರಿಸುತ್ತದೆ. ಕೀಲಿಮಣೆಯ ಮುಂದೆ ಕುಳಿತವರು ಒಂದನ್ನು ಆರಿಸಬಹುದು.

ನುಂಗಿಬಿಡುವ ಅಪಾಯ

ಲಿಸ್ಪ್‌ನಲ್ಲಿ ಇಗ್ನೋರ್-ಎರರ್ಸ್ ಎಂಬುದೂ ಇದೆ. ಒಳಗೆ ಯಾವ ತಪ್ಪಾದರೂ ನಿಲ್ ಕೊಟ್ಟು ಮುಂದೆ ಹೋಗುತ್ತದೆ. ಸುಲಭವೆನಿಸುತ್ತದೆ. ಆದರೆ ಇಲ್ಲದ ಫೈಲ್, ಸೊನ್ನೆಯಿಂದ ಭಾಗಾಕಾರ, ತಪ್ಪು ಟೈಪ್ ಎಲ್ಲವೂ ಒಂದೇ ಮೌನದಲ್ಲಿ ಮುಳುಗುತ್ತವೆ. ಪೈಥಾನಿನಲ್ಲಿ ಎಕ್ಸೆಪ್ಟ್ ಬರೆದು ಒಳಗೆ ಬರೀ ಪಾಸ್ ಎಂದು ಹಾಕುವುದೂ ಇದೇ ಬಗೆಯದ್ದು.

ಮೇಲಿನ ನನ್ನ ಉದಾಹರಣೆಯಲ್ಲೂ ಎರರ್ ಎಂಬ ಬಲೆ ಕಲಿಕೆಗೆಂದು ಅಗಲವಾಗಿಯೇ ಇದೆ. ಇಡೀ ತರಗತಿ ಗೈರುಹಾಜರಾದರೆ ಪಟ್ಟಿ ಖಾಲಿಯಾಗಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಆಗ ಹ್ಯಾಂಡ್ಲರ್ "ಬಿಟ್ಟುಬಿಡು" ಎನ್ನುತ್ತದೆ, ಆದರೆ ಆ ಜಾಗದಲ್ಲಿ ಅಂಥ ರೀಸ್ಟಾರ್ಟ್ ಇರುವುದಿಲ್ಲ. ಆದ್ದರಿಂದ ನಿಜವಾದ ಪ್ರೋಗ್ರಾಮಿನಲ್ಲಿ ಡಿಫೈನ್-ಕಂಡಿಶನ್ ಬಳಸಿ "ಅಂಕ-ತಪ್ಪು" ಎಂಬ ಪ್ರತ್ಯೇಕ ಜಾತಿಯನ್ನು ಮಾಡಿ, ಅದನ್ನು ಮಾತ್ರ ಹಿಡಿಯುವುದು ಸರಿಯಾದ ಕ್ರಮ. ನಮಗೆ ಉತ್ತರ ಗೊತ್ತಿರುವ ತಪ್ಪನ್ನಷ್ಟೇ ನಾವು ಹಿಡಿಯಬೇಕು.

ಭೂಮಿಯ ಮೇಲೆ ಮತ್ತು ಬಾಹ್ಯಾಕಾಶದಲ್ಲಿ

ಇದೆಲ್ಲ ಲ್ಯಾಬಿನ ಆಟವಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿಗೆ ನಾಶವಾಯಿತು. ಅದರ ಪ್ರೋಗ್ರಾಮ್ ಇದ್ದದ್ದು ಲಿಸ್ಪ್‌ನಲ್ಲಲ್ಲ, ಟೈಪ್ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದ ಏಡಾ ಭಾಷೆಯಲ್ಲಿ. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸುವಾಗ ಅದು 32767ರ ಮಿತಿ ಮೀರಿತು. ಯಂತ್ರ ತಪ್ಪನ್ನು ಹಿಡಿಯಿತು. ಆದರೆ ಹಿಡಿದ ಮೇಲೆ ಆ ಜಾಗದಲ್ಲಿ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ. ದಿಕ್ಕು ಹೇಳುವ ಕಂಪ್ಯೂಟರ್ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಬದಲಿಗೆಂದು ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಮ್ ಇದ್ದುದರಿಂದ ಅದೂ ನಿಂತಿತು. ವಿಚಿತ್ರವೆಂದರೆ ರಾಕೆಟ್ ಮೇಲೆದ್ದ ನಂತರ ಆ ಲೆಕ್ಕದ ಅಗತ್ಯವೇ ಇರಲಿಲ್ಲ! "ಬಿಟ್ಟುಬಿಡು" ಎಂಬ ಒಂದು ದಾರಿ ಅಲ್ಲಿ ಬೇಕಿತ್ತು.

ಲಿಸ್ಪ್‌ನದ್ದೇ ಒಂದು ಉದಾಹರಣೆ 1999ರ ಮೇ ತಿಂಗಳಿನದು. ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ನಡೆಸಲು ರಿಮೋಟ್ ಏಜೆಂಟ್ ಎಂಬ ಲಿಸ್ಪ್ ಪ್ರೋಗ್ರಾಮನ್ನು ಪರೀಕ್ಷಿಸುತ್ತಿದ್ದರು. ಎರಡು ಕೆಲಸಗಳು ಒಂದನ್ನೊಂದು ಕಾಯುತ್ತ ನಿಂತುಬಿಟ್ಟವು. ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಈ ದೋಷ ಹೊರಬಿದ್ದಿರಲಿಲ್ಲ. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ ಓಡುತ್ತಿದ್ದ ಪ್ರೋಗ್ರಾಮನ್ನೇ ಮಾತನಾಡಿಸಿ ಅದರ ಸ್ಥಿತಿ ನೋಡುವ ಅನುಕೂಲ ಲಿಸ್ಪ್‌ನಲ್ಲಿ ಇದ್ದದ್ದು ಕಾರಣ ಪತ್ತೆಮಾಡಲು ನೆರವಾಯಿತು. ಪರೀಕ್ಷೆ ಮುಂದುವರಿದು ಯಶಸ್ವಿಯಾಯಿತು.

ನಮ್ಮ ಲ್ಯಾಬಿಗೆ ಏನು ಉಪಯೋಗ?

ಪರೀಕ್ಷೆಗೆ ಲಿಸ್ಪ್ ಬರುವುದಿಲ್ಲ. ಆದರೂ ಪೈಥಾನ್ ಬರೆಯುವಾಗ ಮೂರು ಪ್ರಶ್ನೆ ಕೇಳಿಕೊಳ್ಳಲು ಅದು ನನಗೆ ಕಲಿಸಿತು. ಈ ಫಂಕ್ಷನ್‌ಗೆ ಯಾವ ಟೈಪ್, ಯಾವ ಮಿತಿಯ ಮೌಲ್ಯ ಬರಬೇಕು? ಅದು ಬರದಿದ್ದರೆ ಯಾವ ಯಾವ ದಾರಿಗಳಿವೆ? ಅವುಗಳಲ್ಲಿ ಆರಿಸುವ ಅಧಿಕಾರ ಈ ಫಂಕ್ಷನ್‌ಗೆ ಇದೆಯೇ, ಇದನ್ನು ಕರೆದವರಿಗೆ ಇದೆಯೇ? ಇವನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡರೆ ಪ್ರೋಗ್ರಾಮ್ ಅರ್ಧ ಮುಗಿದಂತೆ. ಪೈಥಾನಿನಲ್ಲಿ ರೀಸ್ಟಾರ್ಟ್ ಇಲ್ಲದಿದ್ದರೂ, "ತಪ್ಪು ಸಿಕ್ಕರೆ ಇದನ್ನು ಮಾಡು" ಎಂಬ ಫಂಕ್ಷನ್ ಒಂದನ್ನು ಮೇಲಿನಿಂದ ಪ್ಯಾರಾಮೀಟರ್ ಆಗಿ ಕಳಿಸಿ ಸುಮಾರಾಗಿ ಅದೇ ಕೆಲಸ ಮಾಡಿಸಬಹುದು.

ಗೆಳೆಯರೇ, ಎಸ್‌ಬಿಸಿಎಲ್ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಹಾಕಿಕೊಂಡು (+ 2 "3") ಎಂದು ಬೇಕೆಂದೇ ಕೊಟ್ಟು ನೋಡಿ. ಆಮೇಲೆ ಮೇಲಿನ ಎರಡು ತುಣುಕುಗಳನ್ನು ಟೈಪ್ ಮಾಡಿ, ಪಟ್ಟಿಯಲ್ಲಿ 105 ಸೇರಿಸಿ. ಬಿಟ್ಟುಬಿಡಬೇಕೋ, ಸೊನ್ನೆ ಹಾಕಬೇಕೋ, ಮೌಲ್ಯಮಾಪನ ಮಾಡಿದ ಅಧ್ಯಾಪಕರನ್ನೇ ಕೇಳಬೇಕೋ ಎಂದು ನೀವೇ ತೀರ್ಮಾನಿಸಿ.