ಉದಗೀರದ ಋಷಿ, ನಿಲಂಗಾದ ನೀಲಕಂಠ: ನಮ್ಮ ಸೀಮೆಯ ಶಿವಸ್ಥಾನಗಳ ಕಥೆ



ಶ್ರಾವಣ ಮಾಸ ಹತ್ತಿರ ಬಂತು. ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಭಾಗದ ಸದಸ್ಯರು ಎಂದಿನಂತೆ ಸೋಮವಾರದ ದರ್ಶನದ ಬಗ್ಗೆ ಕೇಳುತ್ತಿದ್ದಾರೆ. ಹೋದ ವರ್ಷ ನಾವು ಕೆಲವು ಮನೆತನದವರು ಕೂಡಿ ಉದಗೀರ ಕೋಟೆಗೆ ಹೋಗಿದ್ದೆವು. ಸಮಾಧಿಯ ಮೆಟ್ಟಿಲು ಇಳಿಯುವಾಗ ಜೊತೆಗಿದ್ದ ಒಂದು ಹುಡುಗಿ ಕೇಳಿತು: "ಮುತ್ಯಾ, ದೇವರು ಮ್ಯಾಲ ಇರಬೇಕಲ್ರೀ, ಇಲ್ಲಿ ನಾವು ಕೆಳಗ್ಯಾಕ ಇಳಿಯಾಕತ್ತೀವಿ?" ಹಿರಿಯರು ಐದಾರು ಜನ ಇದ್ದೆವು. ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟೆವು. ಕೂಸಿಗೆ ಸಮಾಧಾನ ಆಗಲಿಲ್ಲ, ನಿಜ ಹೇಳಬೇಕೆಂದರೆ ನಮಗೂ ಆಗಲಿಲ್ಲ. ಆ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹೇಳಬೇಕೆಂದು ಈ ಲೇಖನ.

ಮೂವತ್ತು ವರ್ಷಕ್ಕೂ ಮೇಲೆ ಕಚೇರಿಯಲ್ಲಿ ಕಡತ ನೋಡಿಕೊಂಡು ಬಂದ ನಮಗೆ ಒಂದು ಅಭ್ಯಾಸ ಬಿಟ್ಟಿಲ್ಲ. ಯಾವುದು ಹೇಳಿಕೆ, ಯಾವುದು ದಾಖಲೆ ಎಂದು ಬೇರೆ ಬೇರೆ ಮಾಡಿ ಇಡುವುದು. ಇಲ್ಲಿಯೂ ಹಾಗೇ ಮಾಡುತ್ತೇವೆ. ಇದರಿಂದ ಕಥೆಯ ಮಾನ ಕಡಿಮೆ ಆಗುವುದಿಲ್ಲ, ಇತಿಹಾಸದ ಮಾನವೂ ಉಳಿಯುತ್ತದೆ.

ಮೊದಲು ಕಥೆ

ಉದಗೀರದ ಸ್ಥಳಕಥೆ ಕರಬಸವೇಶ್ವರ ಗ್ರಂಥ ಎಂಬ ಪೋಥಿಯಲ್ಲಿ ಬರುತ್ತದೆ. ಉದಲಿಕ ಎಂಬ ಋಷಿ ಈ ಗುಡ್ಡದ ನೆಲದಲ್ಲಿ ಶಿವನನ್ನು ಕುರಿತು ತಪಸ್ಸು ಮಾಡಿದನು. ಶಿವನು ಮೆಚ್ಚಿ, ನೀನು ಕುಳಿತ ಈ ಜಾಗದಲ್ಲಿಯೇ ಭೂಮಿಯೊಳಗಿಂದ ಲಿಂಗವು ಏಳುವುದು ಎಂದು ಅಭಯ ಕೊಟ್ಟನು. ಅದರಂತೆ ಲಿಂಗವು ಮೆಲ್ಲಮೆಲ್ಲನೆ ನೆಲದಿಂದ ಮೇಲೆದ್ದಿತು. ಅದರ ಸುತ್ತ ಜನ ನೆಲೆನಿಂತರು, ಊರು ಬೆಳೆಯಿತು, ಊರಿಗೆ ಋಷಿಯ ನೆನಪಿನ ಹೆಸರೇ ಬಂತು. ಉದಯಗಿರಿ ಎಂಬುದು ಜನರ ಬಾಯಲ್ಲಿ ಉದಗೀರ ಆಯಿತು.

ಹೀಗೆ ಯಾರೂ ಕಡೆಯದೆ, ಯಾರೂ ತಂದು ನಿಲ್ಲಿಸದೆ ತಾನಾಗಿ ತೋರಿಬಂದ ಲಿಂಗಕ್ಕೆ ಉದ್ಭವಲಿಂಗ ಅಥವಾ ಸ್ವಯಂಭೂ ಎನ್ನುತ್ತಾರೆ. ರಾಜನು ಪ್ರತಿಷ್ಠಾಪಿಸಿದ ಲಿಂಗಕ್ಕೆ ಹೆಚ್ಚಾಗಿ ರಾಜನದೇ ಹೆಸರು ಸೇರಿಕೊಂಡಿರುತ್ತದೆ. ಉದ್ಭವಲಿಂಗ ಯಾವ ದೊರೆಯ ಕೊಡುಗೆಯೂ ಅಲ್ಲ. ಅದು ನೆಲದ್ದು, ನೆಲದ ಮೇಲೆ ಬಾಳುವವರದ್ದು.

ಉಪನಿಷತ್ತಿನಲ್ಲಿ ಮಗ ಶ್ವೇತಕೇತುವಿಗೆ ಬೋಧೆ ಮಾಡಿದ ಉದ್ದಾಲಕ ಋಷಿಯೇ ಈತ ಎನ್ನುವವರೂ ಇದ್ದಾರೆ. ಆ ಉದ್ದಾಲಕ ಉತ್ತರದ ಕುರು ಪಾಂಚಾಲ ಸೀಮೆಯವನು. ಹೆಸರಿನ ಹೋಲಿಕೆಯಿಂದ ಇಬ್ಬರನ್ನೂ ಒಬ್ಬನೇ ಎಂದು ಬರೆದುಬಿಡುವುದು ಸರಿಯಲ್ಲ. ನಮ್ಮ ಋಷಿಗೆ ಉತ್ತರದಿಂದ ಗುರುತಿನ ಚೀಟಿ ತರಿಸಬೇಕಾಗಿಯೂ ಇಲ್ಲ.

ಕೋಟೆಯೊಳಗಿನ ಸಮಾಧಿ

ಈಗಿನ ಉದಗೀರ ಕೋಟೆ ಬಹಮನಿಗಳ ಕಾಲದ್ದು. ಸುತ್ತ ಸುಮಾರು 40 ಅಡಿ ಆಳದ ಕಂದಕ. ಒಳಗೆ ಮಹಲುಗಳು, ದರ್ಬಾರು, ಪಾರಸಿ ಬರಹದ ಕಲ್ಲುಗಳು. ಅಲ್ಲಿಯೇ ನೆಲಮಟ್ಟದಿಂದ ಸುಮಾರು 60 ಅಡಿ ಕೆಳಗೆ ಉದಯಗಿರಿ ಮಹಾರಾಜರ ಸಮಾಧಿ. ಹುಡುಗಿಯ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ.

ಈ ಕೋಟೆ ಕಂಡ ದಂಡುಗಳು ಒಂದೆರಡಲ್ಲ. 1636ರಲ್ಲಿ ಶಹಾಜಹಾನನ ಸೇನಾಪತಿ ಖಾನ್ ದೌರಾನ್ ಇದನ್ನು ಮುತ್ತಿ ಪಡೆದುಕೊಂಡ. 1760ರ ಫೆಬ್ರುವರಿಯಲ್ಲಿ ಸದಾಶಿವರಾವ್ ಭಾವೂ ನೇತೃತ್ವದ ಮರಾಠರಿಗೂ ನಿಜಾಮನಿಗೂ ಇದೇ ಉದಗೀರದಲ್ಲಿ ಯುದ್ಧವಾಗಿ ನಿಜಾಮ ಸೋತ. ಗೆದ್ದ ಅದೇ ಭಾವೂ ಮರುವರ್ಷದ ಜನವರಿಯಲ್ಲಿ ಪಾಣಿಪತದಲ್ಲಿ ಮಡಿದ. ಇದು ದಾಖಲೆ. ಇಷ್ಟೆಲ್ಲ ಸೈನ್ಯ ಬಂದು ಹೋದರೂ ಕೋಟೆಯ ಒಡೆಯರು ಋಷಿಯನ್ನು ಎಬ್ಬಿಸಲಿಲ್ಲ. ಬಾವುಟ ಬದಲಾಯಿತು, ದೀಪ ಬದಲಾಗಲಿಲ್ಲ.

ಹಾಗಾದರೆ ಕೆಳಗೆ ಏಕೆ ಇಳಿಯಬೇಕು? ನಮ್ಮ ತಿಳಿವಳಿಕೆಗೆ ಬಂದಂತೆ ಹೇಳುತ್ತೇವೆ. ಕಥೆಯಲ್ಲಿ ಲಿಂಗ ಮೇಲೆ ಬರುತ್ತದೆ, ಭಕ್ತ ಕೆಳಗೆ ಕೂಡುತ್ತಾನೆ. ದೇವರು ಎದ್ದುಬಂದ ಜಾಗದ ಬೇರು ನೆಲದೊಳಗೆ ಇದೆ. ದರ್ಶನಕ್ಕೆ ಬಂದವನು ತಲೆ ಬಾಗಿಸಿ, ತಾನೂ ಕೆಳಗಿಳಿದು ಆ ಬೇರು ಮುಟ್ಟಿ ಬರಬೇಕು. ಶಿಖರ ನೋಡಲು ಕತ್ತು ಎತ್ತುತ್ತೇವೆ, ಸಮಾಧಿ ನೋಡಲು ಕತ್ತು ತಗ್ಗಿಸುತ್ತೇವೆ. ಎರಡೂ ಭಕ್ತಿಯ ರೀತಿಗಳೇ.

ನಿಲಂಗಾದ ಮೂರು ಗರ್ಭಗುಡಿ

ನಿಲಂಗಾದ ನೀಲಕಂಠೇಶ್ವರ ಗುಡಿಯನ್ನು ನೋಡದ ಸದಸ್ಯರು ಕಡಿಮೆ. ಆದರೆ ಒಳಗೆ ಹೋಗಿ ಕಾಯಿ ಒಡೆಸಿ ಹೊರಬಂದವರೇ ಹೆಚ್ಚು, ಗೋಡೆಯ ಸುತ್ತ ಒಂದು ಸುತ್ತು ಬಂದವರು ಕಡಿಮೆ. ಅದು ತ್ರಿಕೂಟ ಗುಡಿ, ಅಂದರೆ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿ. ಒಂದರಲ್ಲಿ ಶಿವಲಿಂಗ, ಒಂದರಲ್ಲಿ ಹರಗೌರಿ, ಒಂದರಲ್ಲಿ ವಿಷ್ಣು. ಒಂದೇ ಹೊಸ್ತಿಲು ದಾಟಿ ಬಂದ ಶೈವನಿಗೂ ವೈಷ್ಣವನಿಗೂ ಅಲ್ಲಿ ಜಾಗವಿದೆ. ತಳವಿನ್ಯಾಸ ನಕ್ಷತ್ರದಂತೆ ಮೂಲೆಮೂಲೆಯಾಗಿ ಒಡೆದಿದೆ. ಹೊರಗೋಡೆಯ ತುಂಬ ಸುರಸುಂದರಿಯರು.

ನೀಲಕಂಠನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ದೇವತೆಗಳೂ ದೈತ್ಯರೂ ಕೂಡಿ ಕಡಲು ಕಡೆದಾಗ ಅಮೃತಕ್ಕಿಂತ ಮೊದಲು ಹಾಲಾಹಲ ಬಂತು. ಲಾಭಕ್ಕೆ ಎಲ್ಲರೂ ಮುಂದೆ, ವಿಷಕ್ಕೆ ಯಾರೂ ಇಲ್ಲ. ಶಿವನು ಅದನ್ನು ಕುಡಿದ. ನುಂಗಿದರೆ ಒಡಲೊಳಗಿನ ಲೋಕಕ್ಕೆ ಕೇಡು, ಉಗುಳಿದರೆ ಹೊರಗಿನ ಲೋಕಕ್ಕೆ ಕೇಡು, ಆದ್ದರಿಂದ ಗಂಟಲಲ್ಲಿಯೇ ತಡೆದು ಹಿಡಿದ. ಗಂಟಲು ನೀಲಿಯಾಯಿತು. ಆ ರಾತ್ರಿ ದೇವತೆಗಳೆಲ್ಲ ಎಚ್ಚರವಿದ್ದು ಕಾದರು, ಶಿವರಾತ್ರಿಯ ಜಾಗರಣೆಗೆ ಅದೇ ಮೂಲ ಎಂದು ಹಿರಿಯರು ಹೇಳುತ್ತಾರೆ. ಮನೆಯ ಹಿರಿಯರಾದವರಿಗೆ ಈ ಕಥೆ ಬೇಗ ತಿಳಿಯುತ್ತದೆ. ಕೆಲವು ಮಾತು ನುಂಗಲೂ ಬಾರದು, ಉಗುಳಲೂ ಬಾರದು.

ಈ ಗುಡಿಯನ್ನು ಎಲ್ಲರೂ ಹೇಮಾಡಪಂತಿ ಎನ್ನುತ್ತಾರೆ. ಹೇಮಾದ್ರಿ ದೇವಗಿರಿ ಯಾದವರ ಮಂತ್ರಿ, 13ನೆಯ ಶತಮಾನದವನು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗುಡಿ ಕಂಡರೆ ಅವನ ಹೆಸರು ಹೇಳುವುದು ರೂಢಿಯಾಗಿದೆ. ಆದರೆ ಈ ಸೀಮೆಯ ಎಷ್ಟೋ ಕಲ್ಲುಗುಡಿಗಳು ಅವನಿಗಿಂತ ಹಿಂದಿನವು, ಕಲ್ಯಾಣದ ಚಾಲುಕ್ಯರ ಕಾಲದವು. ಅವರ ರಾಜಧಾನಿ ಕಲ್ಯಾಣ, ಈಗಿನ ಬಸವಕಲ್ಯಾಣ, ಉಮರ್ಗಾದವರಿಗೆ ನೆರೆಯ ಊರು. ಹುಮನಾಬಾದ ಹತ್ತಿರದ ಜಲಸಂಗಿಯಲ್ಲಿ ಅದೇ ಕಾಲದ ಗುಡಿಯ ಗೋಡೆಯ ಮೇಲೆ ಒಬ್ಬ ಸುಂದರಿ ಕಲ್ಲಿನ ಮೇಲೆ ಶಾಸನ ಬರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಓದು ಬರಹದ ಕೆಲಸ ಮಾಡಿ ಬದುಕಿದ ನಮ್ಮಂಥವರು ಒಮ್ಮೆಯಾದರೂ ಹೋಗಿ ಆಕೆಗೆ ನಮಸ್ಕಾರ ಮಾಡಬೇಕು.

ಇನ್ನೂ ಹಿಂದಕ್ಕೆ ಹೋದರೆ, ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರ ಪುರದ ಒಡೆಯರೆಂದು ಕರೆದುಕೊಂಡರು. ಆ ಲಟ್ಟಲೂರೇ ನಮ್ಮ ಲಾತೂರು. ಅದೇ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತದೆ. ಗೋದಾವರಿ ಹರಿಯುವುದು ನಮಗೆ ಉತ್ತರಕ್ಕೆ, ನಾಂದೇಡದಲ್ಲಿ. ಇದನ್ನು ಯಾರೊಂದಿಗೂ ಜಗಳಕ್ಕೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಕನ್ನಡ ಏಕಿದೆ ಎಂದು ಮೊಮ್ಮಕ್ಕಳು ಕೇಳಿದರೆ ಉತ್ತರ ಗೊತ್ತಿರಲಿ ಎಂದು ಹೇಳುತ್ತಿದ್ದೇವೆ.

ಬಸವ ಎಂದರೆ ಎತ್ತು ಕೂಡ

ಶಿವನ ಗುಡಿ ಎಂದ ಮೇಲೆ ಎದುರಿಗೆ ನಂದಿ. ನಂದಿಯ ಎರಡು ಕೊಂಬುಗಳ ನಡುವಿನಿಂದ ಲಿಂಗ ನೋಡುವುದು, ಅವನ ಕಿವಿಯಲ್ಲಿ ಬೇಡಿಕೆ ಹೇಳುವುದು ನಮ್ಮಲ್ಲಿ ಹಳೆಯ ರೂಢಿ. ದೇವಣಿಯವರಿಗೆ ಈ ನಂದಿ ಬರೀ ಕಲ್ಲಲ್ಲ. ದೇಶದ ಹೆಸರಾಂತ ಗೋತಳಿಗಳಲ್ಲಿ ಒಂದಾದ ದೇವಣಿ ತಳಿಗೆ ಹೆಸರು ಬಂದದ್ದು ಇದೇ ಊರಿನಿಂದ. ಹಾಲಿಗೂ ಸೈ, ಗಳೆಗೂ ಸೈ. ಮೈ ಬಿಳಿ ಮುಖ ಕಪ್ಪಾದದ್ದು ವಾನೇರಾ, ಬಾಲಂಕ್ಯಾ, ಶೇವರಾ ಎಂದು ಬೇರೆ ಬಗೆಗಳೂ ಇವೆ.

ಗಡಿಯ ಆಚೆ ಕಾರಹುಣ್ಣಿಮೆಗೆ ಎತ್ತು ಸಿಂಗರಿಸುತ್ತಾರೆ, ಈಚೆ ಶ್ರಾವಣ ಅಮಾವಾಸ್ಯೆಯ ಪೋಳಾಕ್ಕೆ. ತಿಥಿ ಬೇರೆ, ಕೊಂಬಿನ ಬಣ್ಣ ಒಂದೇ. ಲಾತೂರು, ಧಾರಾಶಿವ ಭಾಗದಲ್ಲಿ ಹೊಲಕ್ಕೆ ಹೋಗಿ ಅಂಬಲಿ, ಭಜ್ಜಿ, ಉಂಡಿ ಉಣ್ಣುವ ಯೇಳವಸ ಎಂಬ ಹಬ್ಬವಿದೆಯಲ್ಲ, ಅದು ನಮ್ಮ ಎಳ್ಳಮಾವಾಸ್ಯೆಯೇ. ಹೆಸರು ಸವೆದರೂ ಕನ್ನಡ ಉಳಿದಿದೆ.

ಭಕ್ತಿಯಲ್ಲೂ ಹಾಗೆಯೇ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಶರಣರು ಲಿಂಗವನ್ನು ಗುಡಿಯಿಂದ ಅಂಗೈಗೆ ತಂದರು. ಮುಂದೆ ಬೀಡ ಜಿಲ್ಲೆಯ ಕಪಿಲಧಾರದ ಮನ್ಮಥಸ್ವಾಮಿಗಳು ಪರಮರಹಸ್ಯ ಎಂಬ ಗ್ರಂಥವನ್ನು ಮರಾಠಿಯಲ್ಲಿ ಬರೆದರು. ನಮ್ಮ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ವಚನ, ಸಂಜೆ ಅಭಂಗ. ಇಷ್ಟಲಿಂಗ ಕಟ್ಟಿದವರೂ ಉದಗೀರದ ಮೆಟ್ಟಿಲು ಇಳಿಯುತ್ತಾರೆ.

ನಮ್ಮಿಂದಾದ ತಪ್ಪು

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಜಿಲ್ಲೆ ಆಯಿತು, 1999ರಲ್ಲಿ ದೇವಣಿ ತಾಲೂಕಾಯಿತು. ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋದವು. ಕಥೆಗಳನ್ನು ಯಾವ ಕಚೇರಿಯೂ ಸಾಗಿಸಲಿಲ್ಲ, ಅವು ಅಜ್ಜಿಯರ ಬಾಯಲ್ಲಿಯೇ ಉಳಿದವು.

ದೇವಣಿ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಆಯಿ ಇದ್ದರು. ಬೀಸುವ ಕಲ್ಲಿನ ಮುಂದೆ ಕೂತು ಋಷಿಯ ಕಥೆಯನ್ನು ಕನ್ನಡದಲ್ಲಿ ಹಾಡುತ್ತಿದ್ದರು ಎಂದು ಕೇಳಿದ್ದೆವು. ಬರೆದುಕೊಂಡು ಬರೋಣ ಎಂದು ಸಂಘದ ಸಭೆಯಲ್ಲಿ ನಾವೇ ಠರಾವು ಮಾಡಿದೆವು. ಸುಗ್ಗಿ ಮುಗಿಯಲಿ ಎಂದೆವು, ಬಿಸಿಲು ಇಳಿಯಲಿ ಎಂದೆವು. ಕಡೆಗೆ ಹೋದದ್ದು ಅವರ ದಿನಕರ್ಮಕ್ಕೆ. ಸೊಸೆ ನಾಲ್ಕು ಸಾಲು ನೆನಪು ಮಾಡಿಕೊಂಡು, ಮುಂದಿನದು ಬರವಲ್ದು ಎಂದು ಸೆರಗು ಬಾಯಿಗೆ ಹಿಡಿದರು. ಠರಾವು ಇನ್ನೂ ನಮ್ಮ ರಿಜಿಸ್ಟರಿನಲ್ಲಿದೆ, ಹಾಡು ಇಲ್ಲ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಆದ್ದರಿಂದ ಸದಸ್ಯರಲ್ಲಿ ವಿನಂತಿ. ನಿಮ್ಮ ಮನೆಯ ಹಿರಿಯರು ಹೇಳುವ ಸ್ಥಳಕಥೆ, ಹಾಡು, ಹರಕೆಯ ಪದ್ಧತಿ ಯಾವುದೇ ಇರಲಿ, ಒಂದು ಹಾಳೆಯಲ್ಲಿ ಬರೆಯಿರಿ. ಹೇಳಿದವರು ಯಾರು, ಯಾವ ಊರು, ಯಾವ ದಿನ ಕೇಳಿದಿರಿ, ಅವರು ಯಾರಿಂದ ಕೇಳಿದ್ದರು, ಈ ನಾಲ್ಕು ಕಾಲಂ ತುಂಬಿದರೆ ಸಾಕು. ಕನ್ನಡ ಲಿಪಿ ಬರದ ಮಕ್ಕಳು ಮರಾಠಿ ಅಕ್ಷರದಲ್ಲಿಯೇ ಬರೆಯಲಿ, ನಾವು ಕೂತು ಕನ್ನಡಕ್ಕೆ ಇಳಿಸುತ್ತೇವೆ. ಮೊಬೈಲಿನಲ್ಲಿ ಧ್ವನಿ ಹಿಡಿದು ಕಳಿಸಿದರೂ ನಡೆಯುತ್ತದೆ. ಹಾಡುವಾಗ ತಪ್ಪಾದರೆ ನಿಲ್ಲಿಸಿ ತಿದ್ದಬೇಡಿರಿ.

ಶ್ರಾವಣದ ಮೊದಲ ಸೋಮವಾರ ಉದಗೀರ, ಎರಡನೆಯ ಸೋಮವಾರ ನಿಲಂಗಾ ದರ್ಶನ ಇಟ್ಟುಕೊಂಡಿದ್ದೇವೆ. ಬುತ್ತಿ, ನೀರು ತಂದುಕೊಳ್ಳಿರಿ. ಮಳೆಗೆ ಮೆಟ್ಟಿಲು ಜಾರುತ್ತವೆ, ವಯಸ್ಸಾದವರ ಕೈ ಹಿಡಿದು ಇಳಿಸಿರಿ. ಹೋದ ವರ್ಷದ ಆ ಹುಡುಗಿಯೂ ಬರುವುದಾಗಿ ಹೇಳಿದೆ. ಈ ಸಲ ಕಥೆಯನ್ನು ಅದೇ ಹೇಳಲಿ, ನಾವು ಕೇಳೋಣ ಎಂದು ಠರಾಯಿಸಿದ್ದೇವೆ.

ಇಂತಿ ತಮ್ಮ,
ಕಾರ್ಯದರ್ಶಿ